ಕಾಟಾದ ಕೆಳಗಿದ್ದ ಕೈ

ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಖಾಸಗಿ ವೇಬ್ರಿಡ್ಜ್ ಇದೆ. ಅದರ ಪ್ಲಾಟ್‌ಫಾರಂನ ಒಳತುದಿಯ ಬಲ ಮೂಲೆಯಲ್ಲಿ ನಾನು ಒಂದು ಮಂಡಿ ಊರಿ ಕೂತಿದ್ದೆ. ಕಳೆದ ವರ್ಷದ ಶ್ರಾವಣ, ಒಂದು ಸೋಮವಾರ, ಮಧ್ಯಾಹ್ನದ ಊಟಕ್ಕೆ ಯಾರೂ ಇನ್ನೂ ಎದ್ದಿರಲಿಲ್ಲ. ನನ್ನ ಬಲಗೈಯಲ್ಲಿ ಜಾಕಿನ ಹಿಡಿ ಇತ್ತು. ಆಪರೇಟರ್ ಕೂರುವ ಕೋಣೆಯ ಕಿಟಕಿ ನನ್ನ ಎಡಕ್ಕೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿತ್ತು. ಲಾರಿಗಳನ್ನು ತಡೆಯುವ ಗೇಟಿನ ಅಡ್ಡಪಟ್ಟಿ ನನ್ನ ಎದುರಿಗೆ, ಪ್ಲಾಟ್‌ಫಾರಂನ ಆಚೆಯ ತುದಿಯಲ್ಲಿತ್ತು. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಡೆದದ್ದನ್ನು ಈಗ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಾನಿದ್ದ ಜಾಗದಿಂದ ಏನು ಕಂಡಿತೋ ಏನು ಕೇಳಿಸಿತೋ ಅಷ್ಟನ್ನು ಮಾತ್ರ ಬರೆಯುತ್ತೇನೆ.

ವೇಬ್ರಿಡ್ಜನ್ನು ನಮ್ಮ ಕಡೆ ಎಲ್ಲರೂ ಕಾಟಾ ಅನ್ನುತ್ತಾರೆ. ಲಾರಿ ನಿಲ್ಲುವಷ್ಟು ಉದ್ದದ ಕಬ್ಬಿಣದ ಪ್ಲಾಟ್‌ಫಾರಂ, ಅದರ ಅಡಿಯಲ್ಲಿ ಅಲ್ಲಲ್ಲಿ ಲೋಡ್ ಸೆಲ್ ಎಂಬ ಉಕ್ಕಿನ ಗಟ್ಟಿಗಳು. ಭಾರ ಬಿದ್ದಾಗ ಆ ಗಟ್ಟಿಗಳಲ್ಲಿ ಆಗುವ ಅಲ್ಪ ಬದಲಾವಣೆ ವೈರಿನ ಮೂಲಕ ಕೋಣೆಯೊಳಗಿನ ಕಂಪ್ಯೂಟರಿಗೆ ಹೋಗಿ ತೂಕವಾಗಿ ಕಾಣುತ್ತದೆ. ಆ ಕಂಪ್ಯೂಟರುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಮನೆ ಕೆಜಿಎಫ್‌ನ ಮೈಸೂರು ಮೈನ್ಸಿನಲ್ಲಿ. ಕಾಟಾದ ಕಬ್ಬಿಣದ ಕೆಲಸವೆಲ್ಲ ನಮ್ಮದೇ ಬೀದಿಯ ಒಬ್ಬ ಮೆಕಾನಿಕ್ಕರದು. ಮನೆಮಾತು ತಮಿಳು, ವಯಸ್ಸು ಅರವತ್ತರ ಹತ್ತಿರ, ನನ್ನನ್ನು ತಂಬಿ ಎಂದೇ ಕರೆಯುತ್ತಾರೆ. ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತೇವೆ.

ಈ ಕಾಟಾದ ತೊಂದರೆ ಶುರುವಾದದ್ದು ಮೌಸಿನಿಂದ. ಇಲಿ ಅದರ ವೈರನ್ನು ಕಡಿದು ಹಾಕಿತ್ತು. ಆಪರೇಟರ್ ಬೂದಿಕೋಟೆ ಕಡೆಯ ಹಳ್ಳಿಯ ಹೆಣ್ಣುಮಗಳು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬಸ್ಸು ಹಿಡಿದು ಬಂದು ಕೋಣೆಯ ಬಾಗಿಲು ತೆಗೆಯುತ್ತಾಳೆ. ಹಿಂದಿನ ವಾರ ಫೋನ್ ಮಾಡಿದ್ದಳು.

“ಅಣ್ಣಾ, ಬಾಣ ಆಡ್ತಾನೇ ಇಲ್ಲ. ಲಾರಿಯೋರು ಬೈತಾವ್ರೆ. ಈಗೇನ್ ಮಾಡ್ಲಿ?”

ಮೌಸ್ ಇಲ್ಲದೆಯೂ ಕೆಲಸ ಮಾಡಬಹುದು ಎಂದು ಹೇಳಿದೆ. ಕೀಬೋರ್ಡಿನಲ್ಲಿ ಕಿಟಕಿಯ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು R ಒತ್ತಿದರೆ ಪರದೆಯ ಎಡ ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಬೇಕಾದದ್ದರ ಹೆಸರು ಬರೆದು ಎಂಟರ್ ಹೊಡೆದರೆ ಅದು ತೆರೆದುಕೊಳ್ಳುತ್ತದೆ. calc ಎಂದರೆ ಲೆಕ್ಕದ ಯಂತ್ರ, main.cpl ಎಂದರೆ ಮೌಸಿನ ಸೆಟ್ಟಿಂಗು, devmgmt.msc ಎಂದರೆ ಕಂಪ್ಯೂಟರಿಗೆ ಏನೇನು ಸಿಕ್ಕಿಸಿದೆ ಎಂಬುದರ ಪಟ್ಟಿ. ಮೆನುಗಳೊಳಗೆ ಹುಡುಕುತ್ತಾ ಹೋಗುವುದಕ್ಕಿಂತ ಇದು ಬೇಗ. ನಾನಂತೂ ಮೌಸ್ ಇದ್ದರೂ ಹೀಗೇ ಮಾಡುವುದು.

ತೊಡಕು ಇದ್ದದ್ದು ಅಕ್ಷರಗಳಲ್ಲಿ. ಫೋನಿನಲ್ಲಿ ಬಿ, ಡಿ, ಪಿ, ಟಿ ಎಲ್ಲವೂ ಒಂದೇ ಥರ ಕೇಳುತ್ತವೆ. ಎಮ್ಮೂ ಎನ್ನೂ ಅಷ್ಟೇ. ಅದಕ್ಕೆ ಅಕ್ಷರದ ಹೆಸರನ್ನೇ ಬಿಟ್ಟು ಪದಗಳನ್ನು ಮಾಡಿಕೊಂಡೆವು. ಪದದ ಮೊದಲ ಸದ್ದು ಯಾವುದೋ ಅದನ್ನು ಒತ್ತಬೇಕು. D ಅಂದರೆ ದನ, E ಅಂದರೆ ಎಮ್ಮೆ, M ಅಂದರೆ ಮೇಕೆ, S ಅಂದರೆ ಸಗಣಿ, N ಅಂದರೆ ನಾಯಿ. ಪದಗಳನ್ನು ಆರಿಸಿದವಳು ಅವಳೇ. ಅವಳ ಬೆರಳು ಚುರುಕು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

ಪಕ್ಕದಲ್ಲಿದ್ದ ಮೆಕಾನಿಕ್ ನನ್ನ ಫೋನಿನೊಳಕ್ಕೆ ಬಾಗಿ, “ನಡುವೆ ಪುಳ್ಳಿ ಇಡಮ್ಮಾ, ಪುಳ್ಳಿ” ಎಂದರು. ತಮಿಳಿನಲ್ಲಿ ಪುಳ್ಳಿ ಎಂದರೆ ಚುಕ್ಕಿ.

“ಪುಳ್ಳೆ ಒಲೆಗೆ ಇಡೋದು ಕಣಣ್ಣಾ, ಕಂಪ್ಯೂಟರ್‌ಗಲ್ಲ” ಎಂದಳು ಅವಳು. ಆ ದಿನ ಮನೆಗೆ ಮರಳುವ ದಾರಿಯುದ್ದಕ್ಕೂ ಮೆಕಾನಿಕ್ ಅದನ್ನು ಹೇಳಿಕೊಂಡು ನಕ್ಕರು.

ಆ ಸೋಮವಾರ ನಾವು ಹೋದದ್ದು ಬೇರೆ ಕಾರಣಕ್ಕೆ. ತೂಕ ನಿಲ್ಲುತ್ತಿರಲಿಲ್ಲ. ಅದೇ ಲಾರಿ ಮುಂದೆ ನಿಂತರೆ ಒಂದು ತೂಕ, ಹಿಂದೆ ಸರಿದರೆ ಇನ್ನೊಂದು. ಮೊದಲು ಕಂಪ್ಯೂಟರನ್ನು ನೋಡಿದೆ. ಹೊಸ ಮೌಸ್ ತಂದಿದ್ದೆ, ಅದು ಅಲ್ಲಿ ಕೂರಲಿಲ್ಲ. ಹಳೆಯ ಮಾದರಿಯ ಪೋರ್ಟು. ಹಾಗಾಗಿ ಪೆಟ್ಟಿಗೆಯಲ್ಲಿ ಬರೆದೇ ಎಲ್ಲವನ್ನೂ ತೆರೆದೆ. devmgmt.msc ತೆರೆದಾಗ ತೂಕದ ವೈರು ಬೇರೆ ಪೋರ್ಟ್ ಸಂಖ್ಯೆಗೆ ಹೋಗಿರುವುದು ಕಾಣಿಸಿತು. ಸರಿಪಡಿಸಿ ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿದೆ.

ಆಗ ಹೊರಗೆ ಗೇಟಿನ ಪಟ್ಟಿ ತಾನಾಗಿಯೇ ಎದ್ದಿತು. ಕೆಂಪು ದೀಪ ಆರಿ ಹಸಿರು ಹತ್ತಿತು. ಯಾರೂ ಏನೂ ಮುಟ್ಟಿರಲಿಲ್ಲ.

“ಅದು ಅಂಗೇ ಅಣ್ಣಾ, ದಿನಾ ಬೆಳಿಗ್ಗೆ ಸಲಾಮ್ ಒಡೀತದೆ” ಎಂದಳು ಆಪರೇಟರ್.

ಕಾರಣ ಕಷ್ಟದ್ದಲ್ಲ. ಕಂಪ್ಯೂಟರ್ ಹೊತ್ತಿಕೊಳ್ಳುವಾಗ ಗೇಟಿನ ಪೋರ್ಟಿಗೆ ಒಂದು ಕ್ಷಣ ಕರೆಂಟು ಹೋಗುತ್ತದೆ. ಅಲ್ಲಿನ ರಿಲೇ ಅದನ್ನೇ ಅಪ್ಪಣೆ ಎಂದುಕೊಂಡು ಪಟ್ಟಿಯನ್ನು ಎತ್ತುತ್ತದೆ. ರಿಲೇ ಇದ್ದ ಪೆಟ್ಟಿಗೆಗೆ ಬೀಗ, ಬೀಗದ ಕೈ ಮಾಲೀಕರ ಬಳಿ, ಮಾಲೀಕರು ಕೋಲಾರದಲ್ಲಿ. ಕೆಲಸ ಮುಗಿಯುವವರೆಗೆ ಕಂಪ್ಯೂಟರನ್ನು ಮತ್ತೆ ಆರಿಸಿ ಹೊತ್ತಿಸುವುದು ಬೇಡ ಎಂದು ಮೂವರೂ ಮಾತಾಡಿಕೊಂಡೆವು. ಪಟ್ಟಿ ಇಳಿಸಿ ಕೆಂಪು ದೀಪ ಹಾಕಿದೆವು. ಪಟ್ಟಿಯ ಮುಂದೆ ಒಂದು ಖಾಲಿ ಡ್ರಮ್ಮನ್ನೂ ಇಟ್ಟೆವು.

ಮೂಲೆ ಮೂಲೆಗೆ ಭಾರ ಇಟ್ಟು ನೋಡಿದಾಗ ಒಳತುದಿಯ ಬಲಗಡೆಯ ಸೆಲ್ ಸತ್ತಿರುವುದು ಖಚಿತವಾಯಿತು. ಅದನ್ನು ಬದಲಿಸುವ ಕ್ರಮ ಹೀಗೆ. ಆ ಮೂಲೆಗೆ ಜಾಕ್ ಕೊಟ್ಟು ಪ್ಲಾಟ್‌ಫಾರಂ ಎತ್ತಬೇಕು. ಎತ್ತಿದ ಮೇಲೆ ಮರದ ದಿಮ್ಮಿ ತುರುಕಬೇಕು. ಹಳೆಯ ಸೆಲ್ ತೆಗೆಯಬೇಕು, ಹೊಸದನ್ನು ಕೂರಿಸಬೇಕು. ಕೊನೆಯಲ್ಲಿ ಸೆಲ್ಲಿನ ಮೇಲಿನ ಗುಂಡು ಅದರ ಬಟ್ಟಲಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಅದಕ್ಕೆ ದಿಮ್ಮಿ ಅಡ್ಡ ಬರುತ್ತದೆ. ಆ ಸ್ವಲ್ಪ ಹೊತ್ತು ದಿಮ್ಮಿ ತೆಗೆದು ಜಾಕನ್ನೇ ನಂಬಬೇಕು.

ನಮ್ಮ ಜಾಕ್ ಎಣ್ಣೆ ಬಿಡುತ್ತಿತ್ತು, ಎತ್ತಿದ ಮೇಲೂ ನಿಧಾನವಾಗಿ ಇಳಿಯುತ್ತಿತ್ತು. ಮೆಕಾನಿಕ್ಕರಿಗೆ ಅದು ಗೊತ್ತಿತ್ತು. “ತಂಬಿ, ನೀ ಇದನ್ನ ಬಿಟ್ಟು ಎಲ್ಲೂ ಹೋಗಬೇಡಪ್ಪಾ. ಆಗಾಗ ಒಂದೊಂದು ಪಂಪ್ ಕೊಡ್ತಾ ಇರು” ಎಂದು ಹೇಳಿ ನೆಲಕ್ಕೆ ಮುಖ ಮಾಡಿ ಮಲಗಿದರು. ಬಲಗೈಯನ್ನು ಭುಜದವರೆಗೆ ಪ್ಲಾಟ್‌ಫಾರಂ ಕೆಳಗೆ ತೂರಿಸಿದರು. ನಾನು ದಿಮ್ಮಿ ಎಳೆದುಕೊಂಡೆ. ಮೊದಲು ಹೇಳಿದ ಜಾಗಕ್ಕೆ ನಾನು ಬಂದದ್ದು ಹೀಗೆ.

ಈ ನಡುವೆ ಹಿಂದಿನ ಗೋದಾಮಿಗೆ ಹೋಗುವ ಟ್ರ್ಯಾಕ್ಟರ್ ಒಂದು ಬಂದು, ಆ ಡ್ರಮ್ಮನ್ನು ಬದಿಗೆ ಸರಿಸಿ, ಕಾಟಾದ ಪಕ್ಕದ ದಾರಿಯಲ್ಲಿ ಹೋಗಿತ್ತು. ಡ್ರಮ್ಮನ್ನು ಯಾರೂ ಮತ್ತೆ ಇಡಲಿಲ್ಲ. ಅದನ್ನು ನಾನು ನೋಡಿದ್ದು ಆಮೇಲೆ. ಮೊದಲಿನಿಂದ ಕಾದಿದ್ದ ಲಾರಿಗಳು ಬೇಸತ್ತು ಬೇರೆ ಕಾಟಾಕ್ಕೆ ಹೋಗಿದ್ದವು. ಹೊಸದಾಗಿ ಒಂದು ಕಲ್ಲಿನ ಲಾರಿ ಬಂದು ಪಟ್ಟಿಯ ಮುಂದೆ ಎಂಜಿನ್ ಆರಿಸದೆ ನಿಂತಿತ್ತು. ಡ್ರೈವರ್ ಗಡಿಯಾಚೆಯ ತೆಲುಗಿನವನು, ಪಕ್ಕದಲ್ಲಿ ಕ್ಲೀನರ್. ಕಾಟಾದ ಕೆಳಗೆ ಒಬ್ಬರು ಮಲಗಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪ್ಲಾಟ್‌ಫಾರಂನ ಎತ್ತರದಿಂದಾಗಿ ಅವರಿಗೆ ನನ್ನ ತಲೆ ಕಂಡಿದ್ದರೂ ಮೆಕಾನಿಕ್ ಕಂಡಿರಲಾರರು.

ಆಪರೇಟರ್ ಕಿಟಕಿಯಿಂದ ಕೂಗಿದಳು. “ಅಣ್ಣಾ, ಇಲ್ಲೇನೋ ನೀಲಿ ಪಟ್ಟಿ ಬಂತು! ಸೈನ್ಡ್ ಔಟ್ ಅಂತೆ, ಎರಡು ನಿಮಿಷ ಅಂತೆ!”

ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎರಡು ನಿಮಿಷದಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿ ಹೊತ್ತಿಕೊಳ್ಳಲಿದೆ. ಹಿಂದೆ ಯಾರೋ ಹಾಗೆ ಇಟ್ಟು ಹೋಗಿದ್ದಾರೆ. ಹೊತ್ತಿಕೊಂಡರೆ ಪಟ್ಟಿ ಏಳುತ್ತದೆ, ಹಸಿರು ದೀಪ ಬರುತ್ತದೆ. ಲಾರಿ ಹತ್ತಿದರೆ ಪ್ಲಾಟ್‌ಫಾರಂ ಅಲುಗಾಡುತ್ತದೆ, ಜಾಕ್ ಜಾರುತ್ತದೆ.

“ಕೈ ತೆಗೀರಿ” ಎಂದೆ ಮೆಕಾನಿಕ್ಕರಿಗೆ.

“ಬರ್ತಿಲ್ಲ ತಂಬಿ” ಎಂದರು ಅವರು. ದನಿ ಎತ್ತರಿಸಲಿಲ್ಲ. “ಮೇಲಿಂದು ಇಳ್ದಿದೆ. ಮೊಣಕೈ ದಾಟ್ತಿಲ್ಲ. ಎತ್ತು.”

ನಾನು ಹಿಡಿ ಒತ್ತಿದೆ. ಅದು ಎಣ್ಣೆ ತಳ್ಳದೆ ಹಗುರವಾಗಿ ಕೆಳಗೆ ಹೋಯಿತು. ಮತ್ತೆ ಒತ್ತಿದೆ. ಇಳಿಯುವುದು ನಿಂತಿತು, ಏರಲಿಲ್ಲ. ಬಿಟ್ಟು ಕೋಣೆಗೆ ಓಡಿದರೆ ಪ್ಲಾಟ್‌ಫಾರಂ ಇನ್ನಷ್ಟು ಕೂರುತ್ತದೆ. ಹಾಗಾಗಿ ಕೂತಲ್ಲಿಂದಲೇ ಆಪರೇಟರಿಗೆ ಕೂಗಿದೆ: ಪೆಟ್ಟಿಗೆ ತೆಗೀಮ್ಮಾ, ಹೇಳಿದ್ದು ಹೊಡಿ.

ನಿಗದಿಯಾದ ಮರುಚಾಲನೆಯನ್ನು ತಡೆಯುವ ಅಪ್ಪಣೆ shutdown -a. ಪೂರ್ತಿ ಪದವನ್ನು ನಾನು ಕೂಗಲಿಲ್ಲ. ಶಟ್‌ಡೌನ್ ಎಂದು ಕೂಗಿದರೆ ಗಾಬರಿಯಲ್ಲಿ ನಿಜವಾಗಿಯೇ ಶಟ್‌ಡೌನ್ ಮಾಡಿಬಿಡುತ್ತಾಳೆ ಎಂದು ಹೆದರಿದೆ. ಚಾಲೂ ಇರುವ ಕಾಟಾ ಕಂಪ್ಯೂಟರನ್ನು ನೇರವಾಗಿ ಆರಿಸಬಾರದು, ತೂಕದ ದಾಖಲೆ ಕೆಡುತ್ತದೆ. ಈ ಕಸುಬಿನಲ್ಲಿ ಮೊದಲು ಕಲಿಸುವುದೇ ಅದನ್ನು. ಅವಳಿಗೂ ಹಾಗೇ ಹೇಳಿಕೊಟ್ಟಿದ್ದೆ. ಹಾಗಾಗಿ ಫೋನಿನಲ್ಲಿ ಮಾಡುತ್ತಿದ್ದಂತೆ ಪದ ಪದವಾಗಿ ಹೇಳಿದೆ.

“ಸಗಣಿ!”

“ಸಗಣಿ ಆಯ್ತು!”

“ಹಸು!”

“ಅಸು ಆಯ್ತು!”

“ಉಪ್ಪು! ತಟ್ಟೆ! ದನ!”

ಉಳಿದ ಮೂರು ಅಕ್ಷರಗಳಿಗೂ ಹೀಗೇ ಪದ ಕೂಗಿದೆ, ಒಂದೊಂದಕ್ಕೂ ಅವಳು ಆಯ್ತು ಎಂದಳು. ಕೊನೆಗೆ ಒಂದು ಜಾಗ ಬಿಡು, ಅಡ್ಡಗೆರೆ, ಅಮ್ಮ, ಎಂಟರ್ ಎಂದೆ. ಲಾರಿಯ ಎಂಜಿನ್ ಸದ್ದಿನಲ್ಲಿ ಅವಳ ಉತ್ತರ ಅರ್ಧ ಕೇಳಿಸಿತು. “ಸಿಗ್ತಾ ಇಲ್ಲ ಅಂತದೆ ಅಣ್ಣಾ! ಅಂತಾದ್ದು ಇಲ್ವಂತೆ!”

ಏಕೆ ಸಿಗಲಿಲ್ಲ ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಸಂಜೆ ಅದೇ ಪದಗಳನ್ನು ಅವಳಿಂದ ಮತ್ತೆ ಹೊಡೆಸಿ ನೋಡಿದಾಗ ಪೆಟ್ಟಿಗೆಯಲ್ಲಿ sautdown ಎಂದು ಬಂತು. ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಹಸು ಎಂದಿದ್ದೆ. ಅವಳ ಕೊಟ್ಟಿಗೆಯಲ್ಲಿ ಇರುವುದು ಅಸು. ಅಸುವಿನ ಮೊದಲ ಸದ್ದು ಯಾವುದೋ ಅದನ್ನು ಅವಳು ಸರಿಯಾಗಿಯೇ ಒತ್ತಿದ್ದಳು. ಅಲ್ಲಿಯವರೆಗೆ ನಾವು ಹೊಡೆದ ಯಾವ ಅಪ್ಪಣೆಯಲ್ಲೂ H ಅಕ್ಷರ ಬಂದಿರಲಿಲ್ಲ.

ಮತ್ತೊಮ್ಮೆ ಹೇಳಲೋ, ಜಾಕನ್ನು ನೋಡಲೋ ಎಂಬ ಪ್ರಶ್ನೆ ಬಂತು. ನಾನು ಕಂಪ್ಯೂಟರನ್ನು ಬಿಟ್ಟುಬಿಟ್ಟೆ. ಬೇರೆ ಯೋಚನೆ ಮಾಡಿ ನಿರ್ಧರಿಸಿದೆ ಎಂದು ಹೇಳಲಾರೆ. ಎದುರಿಗೆ ಮೆಕಾನಿಕ್ಕರ ಬೆನ್ನು ಇತ್ತು, ಅಂಗಿ ಬೆವರಿಗೆ ಅಂಟಿತ್ತು. ಎರಡೂ ಕೈ ಹಿಡಿಗೆ ಹಾಕಿ, ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಬಿಡದೆ ಒತ್ತಿದೆ. ಕೂದಲೆಳೆಯಷ್ಟು ಏರಿದ್ದು ಕಾಣಿಸಿತು.

“ಇನ್ನೂ ಕೊಡು” ಎಂದರು ಅವರು.

ಕೋಣೆಯಿಂದ ಕಂಪ್ಯೂಟರ್ ಆರುವ ಕಿಣಿ ಸದ್ದು ಬಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆ ಹೊತ್ತಿನಲ್ಲಿ ನಾನು ತಲೆ ಎತ್ತಲಿಲ್ಲ. ಎತ್ತಿದಾಗ ಹಸಿರು ದೀಪ ಹತ್ತಿತ್ತು. ಪಟ್ಟಿ ಏಳುತ್ತಿತ್ತು. ಲಾರಿಯ ಗೇರು ಬಿದ್ದ ಸದ್ದು ಕೇಳಿಸಿತು, ಮುಂದಿನ ಚಕ್ರ ಉರುಳಿತು.

ತೆಲುಗಿನವನಿಗೆ ತೆಲುಗಿನಲ್ಲೇ ಕೂಗಿದೆ. ನಿಲ್ಲಿಸು ಎನ್ನುವುದಕ್ಕೆ ತೆಲುಗಿನಲ್ಲಿ ಆಪು.

“ಆಪು! ಆಪು! ಅನ್ನಾ, ಆಪು!”

ನನ್ನ ಹಿಡಿ ಆಡುತ್ತಲೇ ಇತ್ತು. ಆಮೇಲೆ ಆದದ್ದನ್ನು ಅನುಕ್ರಮವಾಗಿ ಹೇಳುತ್ತೇನೆ. ಹಸಿರು ದೀಪ ಆರಿತು. ಕೆಂಪೂ ಹತ್ತಲಿಲ್ಲ. ಏಳುತ್ತಿದ್ದ ಪಟ್ಟಿ ಅರ್ಧದಲ್ಲಿ, ಲಾರಿಯ ಮುಂಗಾಜಿನ ಎತ್ತರಕ್ಕೆ ಓರೆಯಾಗಿ, ನಿಂತುಬಿಟ್ಟಿತು. ಲಾರಿಯ ಬ್ರೇಕು ಕಿರುಗುಟ್ಟಿತು. ಪಟ್ಟಿಯ ತುದಿ ಗಾಜಿಗೆ ತಾಗಿತು, ಗಾಜು ಒಡೆಯಲಿಲ್ಲ. ಮುಂದಿನ ಚಕ್ರಗಳು ಇಳಿಜಾರಿನ ಮೇಲೆ, ಕಬ್ಬಿಣ ಶುರುವಾಗುವುದಕ್ಕೆ ಒಂದು ಮೊಳ ಹಿಂದೆ, ನಿಂತವು.

ಮೆಕಾನಿಕ್ ಕೈ ಎಳೆದುಕೊಂಡರು. ಮೊಣಕೈಯ ಚರ್ಮ ಸುಲಿದಿತ್ತು. ಅವರು ಅಂಗಾತ ಮಲಗಿ ಆಕಾಶ ನೋಡಿದರು. ನಾನು ದಿಮ್ಮಿಯನ್ನು ಒಳಗೆ ತುರುಕಿದೆ.

ಡ್ರೈವರ್ ಇಳಿದು ಬಂದ. ಸಿಟ್ಟಿನಲ್ಲಿದ್ದ. “ಏಂದಯ್ಯಾ ಇದಿ, ಗ್ರೀನು ಪಡಿಂದಿ ಕದಾ! ಹಸಿರು ಬಿತ್ತಲ್ಲ, ಅದಕ್ಕೆ ಬಂದೆ. ಗಾಜು ಹೋಗಿದ್ರೆ ನಿಮ್ಮಪ್ಪ ಕೊಡ್ತಿದ್ನಾ?” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈಯುತ್ತಾ ಪ್ಲಾಟ್‌ಫಾರಂನ ಈ ತುದಿಗೆ ಬಂದು, ನೆಲದ ಮೇಲೆ ಮಲಗಿದ್ದವರನ್ನು ಕಂಡ. ಅಲ್ಲೇ ಕುಕ್ಕರುಗಾಲಲ್ಲಿ ಕೂತ.

ಆಪರೇಟರ್ ಓಡಿಬಂದಳು. ಅಳುತ್ತಿದ್ದಳು. “ತಪ್ಪಾಯ್ತಾ ಅಣ್ಣಾ? ಯುಪಿಎಸ್ಸೇ ಆಪ್ ಮಾಡ್ಬುಟ್ಟೆ. ದಾಖಲೆ ಎಲ್ಲಾ ಓಯ್ತೇನೋ!”

“ಆಫ್ ಮಾಡು ಅಂತ ನಿಂಗೆ ಯಾರು ಹೇಳಿದ್ರಮ್ಮಾ?”

“ನೀವೇ ಅಲ್ವಾ ಕೂಗಿದ್ದು? ಆಪು, ಆಪು ಅಂತ. ಎಂಗೆ ಕೂಗ್ತಾ ಇದ್ರಿ! ಅದಕ್ಕೇ ಮಾಡ್ದೆ.”

ಕಂಪ್ಯೂಟರ್, ದೀಪ, ಗೇಟಿನ ಮೋಟಾರು, ಮೂರಕ್ಕೂ ಅದೇ ಯುಪಿಎಸ್‌ನಿಂದ ಕರೆಂಟು. ಸ್ವಿಚ್ಚು ಅವಳ ಮೇಜಿನ ಕಾಲಿನ ಬಳಿ ಇತ್ತು. ಎರಡು ನಿಮಿಷವೂ ಅಲ್ಲೇ ಇತ್ತು. ಅದನ್ನು ಆರಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ನನಗೆ ಆ ಮಾತು ಬರಲೇ ಇಲ್ಲ. ಬಂದದ್ದು ಬೇರೆ ಭಾಷೆಯ ಬೇರೆ ಮಾತು, ಬೇರೆಯವನಿಗೆ ಹೇಳಿದ್ದು.

ಮೆಕಾನಿಕ್ ಮಲಗಿದ್ದಲ್ಲಿಂದಲೇ, “ತಂಬಿ ಮೂರು ಭಾಷೆ ಕಲಿತಿದ್ದು ಒಳ್ಳೇದಾಯ್ತು. ಒಂದೇ ಬರ್ತಿದ್ರೆ ನನ್ನ ಕೈ ಹೋಗ್ತಿತ್ತು” ಎಂದರು. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಗೇಟಿನ ಪೆಟ್ಟಿಗೆಯ ಬೀಗವನ್ನು ಡ್ರೈವರನೇ ಲಾರಿಯ ಸುತ್ತಿಗೆಯಿಂದ ಒಡೆದುಕೊಟ್ಟ. ರಿಲೇಯ ವೈರನ್ನು ಕತ್ತರಿಸಿ ತುದಿಗೆ ಟೇಪು ಸುತ್ತಿದೆ. ಆಮೇಲೆ ಕಂಪ್ಯೂಟರ್ ಹೊತ್ತಿಸಿ, ಪೆಟ್ಟಿಗೆಯಲ್ಲಿ taskschd.msc ಎಂದು ಬರೆದೆ. ನಿಗದಿತ ಕೆಲಸಗಳೆಲ್ಲ ಅಲ್ಲಿ ಕಾಣುತ್ತವೆ. ವಾರಕ್ಕೊಮ್ಮೆ, ಸೋಮವಾರ ಮಧ್ಯಾಹ್ನ, ಆರಿ ಹೊತ್ತಿಕೊಳ್ಳಬೇಕೆಂದು ಅಲ್ಲಿತ್ತು. ಕಂಪ್ಯೂಟರ್ ನಿಧಾನವಾಗದಿರಲಿ ಎಂದು ಯಾರೋ ಒಳ್ಳೆಯದಕ್ಕೇ ಮಾಡಿದ್ದು. ಮಾಡಿದವರ ಹೆಸರಿರಲಿಲ್ಲ. ಅಳಿಸಿದೆ. ಸೋಮವಾರ ಹಾಗಾಗುವುದನ್ನು ನೋಡಿಲ್ಲವೇ ಎಂದು ಆಪರೇಟರನ್ನು ಕೇಳಿದೆ. ಆ ಹೊತ್ತಿಗೆ ಅವಳು ಹೊರಗೆ ಬೇವಿನ ಮರದ ಕೆಳಗೆ ಊಟ ಮಾಡುತ್ತಿರುತ್ತಾಳೆ. ಅಂದು ನಮ್ಮಿಂದಾಗಿ ಒಳಗೇ ಕೂತಿದ್ದಳು.

ತೂಕದ ದಾಖಲೆ ಕೆಟ್ಟಿರಲಿಲ್ಲ. ಹೊಸ ಸೆಲ್ಲಿನ ಗುಂಡು ಬಟ್ಟಲಿನಲ್ಲಿ ಸರಿಯಾಗಿಯೇ ಕೂತಿತ್ತು. ಬೇರೆ ಜಾಕ್ ತರಿಸಿ, ಪ್ಲಾಟ್‌ಫಾರಂ ಇಳಿಸಿ, ಅದೇ ಕಲ್ಲಿನ ಲಾರಿಯನ್ನು ಮೊದಲು ತೂಗಿದೆವು. ಮುಂದೆ ನಿಂತರೂ ಹಿಂದೆ ನಿಂತರೂ ಒಂದೇ ತೂಕ ಬಂತು.

ಆಪರೇಟರಿನ ಸಮಯಪ್ರಜ್ಞೆಯಿಂದ ಒಬ್ಬರ ಕೈ ಉಳಿಯಿತು ಎಂದು ಮಾಲೀಕರು ಬಂದವರಿಗೆಲ್ಲ ಹೇಳುತ್ತಾರೆ. ಆಪರೇಟರ್ ಅದನ್ನು ಒಪ್ಪುವುದಿಲ್ಲ. “ಅಣ್ಣ ಕೂಗಿದ್ದಕ್ಕೆ ಮಾಡ್ದೆ” ಎನ್ನುತ್ತಾಳೆ. ನಾನೇ ಅವಳಿಗೆ ಅಪ್ಪಣೆ ಕೊಟ್ಟೆ ಎಂದು ಕೆಜಿಎಫ್‌ನಲ್ಲಿ ನಮ್ಮ ಬೀದಿಯವರು ಹೇಳುತ್ತಾರೆ. ಅದು ಸುಳ್ಳು. ನಾನು ಡ್ರೈವರಿಗೆ ಕೂಗಿದೆ. ಅವನು ಬ್ರೇಕ್ ಒತ್ತಿದ್ದು ನನ್ನ ಕೂಗಿಗೋ, ಪಟ್ಟಿ ಅಡ್ಡ ನಿಂತದ್ದಕ್ಕೋ ನನಗೆ ಗೊತ್ತಿಲ್ಲ. ಬ್ರೇಕಿನ ಸದ್ದು ಮೊದಲೋ ಪಟ್ಟಿ ನಿಂತದ್ದು ಮೊದಲೋ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಒಂದೊಂದು ಸಲ ಒಂದೊಂದು ಮೊದಲು ಬರುತ್ತದೆ. ಅವನನ್ನೇ ಕೇಳಬೇಕೆಂದು ಸಂಕ್ರಾಂತಿ ಕಳೆದ ಮೇಲೆ ಲಾರಿ ನಂಬರು ಹಿಡಿದು ವಿಚಾರಿಸಿದೆ. ಕಾರ್ತಿಕದಲ್ಲಿ, ಮನೆಯಲ್ಲೇ, ಎದೆನೋವು ಬಂದು ತೀರಿಕೊಂಡಿದ್ದ.

ಈಗ ಉಳಿದಿರುವ ಸಾಕ್ಷಿಗಳು ಇವರು. ಆಪರೇಟರ್ ಇದ್ದಾಳೆ. ಅದೇ ಕೋಣೆಯಲ್ಲಿ ಕೂರುತ್ತಾಳೆ. ಅವಳಿಗೆ ಕಿಟಕಿಯಿಂದ ನಾನು ಕಾಣುತ್ತಿದ್ದೆ, ಲಾರಿ ಕಾಣುತ್ತಿರಲಿಲ್ಲ. ಕ್ಲೀನರ್ ಇದ್ದಾನೆ. ಈಗ ಅವನೇ ಆ ಲಾರಿ ಓಡಿಸುತ್ತಾನೆ. ಆ ಗಳಿಗೆಯಲ್ಲಿ ಅವನ ಕಣ್ಣು ಫೋನಿನ ಮೇಲಿತ್ತು, ಬ್ರೇಕಿಗೆ ತಲೆ ಮುಂದೆ ಬಡಿದ ಮೇಲೆ ನೋಡಿದೆ ಎನ್ನುತ್ತಾನೆ. ನಾನಿದ್ದೇನೆ, ಕಂಡದ್ದನ್ನು ಬರೆದಿದ್ದೇನೆ. ಮೆಕಾನಿಕ್ಕರ ಮುಖ ಮಣ್ಣಿನ ಕಡೆಗಿತ್ತು, ಅವರು ಏನನ್ನೂ ನೋಡಲಿಲ್ಲ. ಅವರೂ ಇದ್ದಾರೆ, ಎರಡೂ ಕೈಗಳೊಂದಿಗೆ.